ಖಾತೆ ಯಾರ ಹೆಸರಿಗೆ

ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯ ವೆಬ್‌ಸೈಟು ನಾನೊಬ್ಬಳೇ ನೋಡಿಕೊಳ್ಳಬೇಕಾಗಿದ್ದ ಮೊದಲ ಕೆಲಸ. ವೆಬ್‌ಸೈಟು ಮಾಡಿಕೊಡುವ ನಮ್ಮ ಆಫೀಸು ಮಾರತ್ತಹಳ್ಳಿಯಲ್ಲಿತ್ತು. ಯಾವ ಪುಟದಲ್ಲಿ ಏನಿರಬೇಕು ಎಂಬ ಯೋಜನೆಗೆ ಗಿರಾಕಿಯ ಸಹಿಯಾಗದೆ ನಮ್ಮಲ್ಲಿ ಕೆಲಸ ಶುರುವಾಗುತ್ತಿರಲಿಲ್ಲ. ಆ ಸಹಿ ತಂದರೆ ನೌಕರಿ ಕಾಯಂ, ತರದಿದ್ದರೆ ಪ್ರೊಬೇಷನ್ ಮುಂದುವರಿಯುತ್ತದೆ ಎಂದು ಮ್ಯಾನೇಜರ್ ಹೇಳಿ ಕಳುಹಿಸಿದ್ದರು.

ಕಾರ್ಖಾನೆ ಅಣ್ಣ ತಮ್ಮಂದಿರದು. ಒಂದೇ ಕೋಣೆಯಲ್ಲಿ ಇಬ್ಬರ ಮೇಜು ಎದುರುಬದುರು. ನಾನು ನಡುವೆ ಕೂತೆ.

“ಸೈಟು ಅಂದ್ಮೇಲೆ ಖಾತೆ ಯಾರ ಹೆಸರಿಗಮ್ಮ?” ಎಂದು ಅಣ್ಣ ನಕ್ಕರು. ತಮ್ಮ ನಗಲಿಲ್ಲ. ಅದನ್ನು ನಾನು ಗಮನಿಸಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಯಾವ ಮಾಲಿನ ಫೋಟೊ ಮೊದಲು ಬರಬೇಕು, ಹೊಸಬರು ಏನು ಹುಡುಕಿಕೊಂಡು ಬರುತ್ತಾರೆ, ಎಲ್ಲದಕ್ಕೂ ಇಬ್ಬರೂ ಚುರುಕಾಗಿ ಉತ್ತರ ಕೊಟ್ಟರು. ಗೋಡೆಯಾಚೆ ಯಂತ್ರಗಳು ಓಡುತ್ತಿದ್ದುದರಿಂದ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಉಳಿದದ್ದು ಒಂದೇ ಪ್ರಶ್ನೆ.

“ಸಾರ್, ಎನ್‌ಕ್ವೈರಿಗೆ ಯಾರ ನಂಬರ್ ಹಾಕಲಿ?”



“ಅವನದೇ ಹಾಕಮ್ಮ,” ಎಂದರು ಅಣ್ಣ. “ಓಡಾಡೋನು ಅವನು.”

“ಬೇಡ ಮೇಡಂ, ಅಣ್ಣಂದು ಹಾಕಿ. ದೊಡ್ಡೋರು ಇರೋವಾಗ ನಂದ್ಯಾಕೆ?”

“ನಂದು ಹಾಕಿದ್ರೆ, ಪಾರ್ಟಿಗಳನ್ನೆಲ್ಲಾ ಅಣ್ಣನೇ ಇಟ್ಕೊಂಡ ಅಂತೀಯ.”

“ನಾನ್ಯಾವತ್ತು ಅಂದಿದೀನಿ?”

“ನೀನು ಅನ್ನಲ್ಲ ಕಣೋ. ಮನೇಲಿ ಅನ್ನಿಸ್ತೀಯ.”

ತಮ್ಮನ ಕುರ್ಚಿ ಹಿಂದಕ್ಕೆ ಸರಿಯಿತು. ಅವರು ಎದ್ದು ಹೊರಗೆ ಹೋದರೆ ಸಹಿಯೂ ಅವರೊಂದಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

“ಇಬ್ಬರದೂ ಹಾಕಬಹುದು ಸಾರ್,” ಎಂದೆ.

“ಮೇಲೆ ಯಾರದು?” ಎಂದು ಕೇಳಿದರು ತಮ್ಮ.

ಮುಖ ತಪ್ಪಿಸಲು ಕಿಟಕಿಯತ್ತ ನೋಡಿದೆ. ಅಲ್ಲಿ, ಎರಡು ಮೇಜಿಗೂ ಸಮದೂರದಲ್ಲಿ, ಧೂಳು ಹಿಡಿದ ಲ್ಯಾಂಡ್‌ಲೈನ್ ಇತ್ತು.

“ಅದು ನಡೀತಿದೆಯಾ ಸಾರ್?”

ಅಣ್ಣ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಆಮೇಲೆ ತಮ್ಮನ ಕಡೆ ಚಾಚಿದರು. ತಮ್ಮನೂ ಆಲಿಸಿದರು.

“ಸೌಂಡ್ ಬರ್ತಿದೆ,” ಎಂದು ಕೆಳಗಿಟ್ಟರು. “ಇದು ಹೊಡ್ಕೊಂಡ್ರೆ ಇಬ್ರಿಗೂ ಕೇಳ್ಸುತ್ತೆ. ಹಾಕ್ಕೊಳ್ಳಿ.”

ಅಣ್ಣ ಮೊದಲು ಸಹಿ ಮಾಡಿದರು. ತಮ್ಮ, ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, ಅಣ್ಣನ ಸಹಿಯ ಕೆಳಗಲ್ಲ, ಪಕ್ಕದಲ್ಲಿ ಬರೆದರು. ಕಾಗದ ಬ್ಯಾಗಿಗೆ ಸೇರಿದ ಮೇಲೂ, ಬಸ್ಸು ಸಿಗುವವರೆಗೆ, ಯಾರಾದರೂ ಹಿಂದಕ್ಕೆ ಕರೆಯುತ್ತಾರೇನೋ ಎಂಬ ಭಯವಿತ್ತು.

ವೆಬ್‌ಸೈಟು ತೆರೆದ ದಿನ, ಹಾಕಿದ ನಂಬರು ಸರಿಯಿದೆಯೇ ಎಂದು ಪರೀಕ್ಷಿಸಲು ಆಫೀಸಿನಿಂದ ಫೋನು ಮಾಡಿದೆ. ಅದು ನನ್ನ ಕಾಯಂ ನೌಕರಿಯ ಮೊದಲ ವಾರ. ಎತ್ತಿದವರು ಅಣ್ಣ. “ಹಲೋ” ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ತಮ್ಮನ ದನಿ ಕೇಳಿಸಿತು.

“ಸ್ಪೀಕರಿಗೆ ಹಾಕಣ್ಣ.”