ಕೊಟ್ಟಿಗೆಗೆ ಕಾಲಿಡದ ಐದು ದಿನ

ಗಡಿಯ ಜಾನುವಾರು ತಪಾಸಣಾ ಠಾಣೆಯಲ್ಲಿ ಅವಳಿಗೆ ತೊಟ್ಟಿಯಕ್ಕ ಎಂದೇ ಹೆಸರು. ಲಾರಿ ಇಳಿದವರು ಯಾರೇ ಆಗಲಿ, ಔಷಧಿ ನೀರಿನ ತೊಟ್ಟಿಯಲ್ಲಿ ಕಾಲು ಅದ್ದದೆ ಒಳಗೆ ಬರುವಂತಿರಲಿಲ್ಲ. ಒಮ್ಮೆ ಮೇಲಧಿಕಾರಿಯೇ ಹೊಸ ಬೂಟು ಹಾಳಾದೀತೆಂದು ತೊಟ್ಟಿ ದಾಟಿ ಹಾರಿದಾಗ, "ಚೆನ್ನಾಗಿ ಹಾರಿದ್ರಿ ಸಾರ್. ಈಗ ವಾಪಸ್ ಹಾರಿ," ಎಂದವಳು ಅವಳು. ಸಾಹೇಬರು ತೆಪ್ಪಗೆ ಹಾರಿದರು.

ಇಂಥವಳ ಗಂಡ ದರ್ಜಿ. ಅವನಿಗೆ ಹಸು ಕಂಡರೆ ಪ್ರಾಣಭಯ. ಮದುವೆಯಾಗಿ ಒಂಬತ್ತು ವರ್ಷವಾದರೂ ಮನೆಯ ಹಸುವನ್ನು ಕಿಟಕಿಯಿಂದಲೇ ವಿಚಾರಿಸಿಕೊಳ್ಳುತ್ತಿದ್ದ ಪುಣ್ಯಾತ್ಮ. ಆ ಹಸುವನ್ನು ತಬ್ಬಲಿ ಕರುವಾಗಿದ್ದಾಗಿನಿಂದ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ಇವಳೇ. ಈಗ ಅದಕ್ಕೆ ಚೊಚ್ಚಲ ಗಬ್ಬ. ಇವತ್ತೋ ನಾಳೆಯೋ ಎನ್ನುವ ಹಾಗಿತ್ತು.

ಅದೇ ಹೊತ್ತಿಗೆ ಆ ಲಾರಿ ಬಂತು. ಏಳು ಎತ್ತುಗಳಲ್ಲಿ ಒಂದು ಜೊಲ್ಲು ಸುರಿಸುತ್ತಿತ್ತು.

"ಬಿಸಿಲಲ್ವಾ ಅಕ್ಕ, ಬಾಯಾರಿದೆ ಅಷ್ಟೇ," ಎಂದ ಡ್ರೈವರ್.

ಅವಳು ಎತ್ತಿನ ನಾಲಿಗೆ ಹಿಡಿದೆಳೆದು ನೋಡಿದಳು. ತುಂಬ ಬೊಬ್ಬೆ. ಗೊರಸಿನ ಸಂದಿಯಲ್ಲೂ ಹುಣ್ಣು. ಕಾಲುಬಾಯಿ ಜ್ವರ! ಲಾರಿ ಅಲ್ಲೇ ನಿಂತಿತು, ಎತ್ತುಗಳು ಪ್ರತ್ಯೇಕ ಕೊಟ್ಟಿಗೆ ಸೇರಿದವು. ಅಲ್ಲಿಗೆ ಕೆಲಸ ಮುಗಿಯಿತು, ತಾಪತ್ರಯ ಶುರುವಾಯಿತು. ರೋಗದ ದನ ಮುಟ್ಟಿದವರು ಐದು ದಿನ ಬೇರೆ ದನದ ಹತ್ತಿರ ಸುಳಿಯಬಾರದೆಂದು ಠಾಣೆಯ ನಿಯಮ. ಮಿಂದು ಬಟ್ಟೆ ಬದಲಾಯಿಸಿದರೂ ಮೂಗು, ಗಂಟಲಲ್ಲಿ ಸೋಂಕು ಉಳಿದಿರಬಹುದು. ಊರಿನ ಪಶುವೈದ್ಯರೂ ಅದೇ ಎತ್ತುಗಳನ್ನು ಮುಟ್ಟಿ ಇವಳಂತೆಯೇ ಕೈಕಟ್ಟಿ ಕೂತರು.

ಅವಳು ಮನೆಯ ಎದುರಿಗಿದ್ದ ಗಂಡನ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಚಾಪೆ ಹಾಸಿದಳು. ಊಟದ ಡಬ್ಬಿ ಮೆಟ್ಟಿಲಿಗೆ ಬರುತ್ತಿತ್ತು. ಕೊಟ್ಟಿಗೆ ಕೆಲಸ ವಿಧಿಯಿಲ್ಲದೆ ಗಂಡನ ಪಾಲಿಗೆ ಬಿತ್ತು.

ಮೂರನೆಯ ದಿನ ಬೆಳಿಗ್ಗೆ ಹಸು ಕೂಗಿತು. ಕೊಟ್ಟಿಗೆಯಿಂದ ಗಂಡ ಅದಕ್ಕಿಂತ ಜೋರಾಗಿ ಕೂಗಿದ. "ಎರಡು ಕಾಲು ಕಾಣ್ತಿದೆ ಕಣೇ! ಮುಂದಕ್ಕೇ ಬರ್ತಿಲ್ಲ!"

ಅವಳು ನಿಯಮ ಗಿಯಮ ಮರೆತು ರಸ್ತೆ ದಾಟಿ ಓಡಿದಳು. ಗೇಟಿನಲ್ಲಿ ಅತ್ತೆ ಪೊರಕೆ ಹಿಡಿದು ಅಡ್ಡ ನಿಂತಿದ್ದರು.

"ಊರೋರಿಗೆಲ್ಲ ಕಾಲು ಅದ್ದಿಸ್ತೀಯಲ್ಲ, ನಿನಗೊಂದು ಬೇರೆ ಕಾನೂನಾ? ಹೋಗು, ಅಲ್ಲಿಂದಲೇ ಹೇಳು." ಹಾಗೆನ್ನುವಾಗ ಅತ್ತೆಯ ಕಣ್ಣಲ್ಲೂ ನೀರಿತ್ತು.

ಅಂಗಡಿಯ ಮೆಟ್ಟಿಲೇರಿ ಅವಳು ಗಂಟಲು ಹರಿಯುವಂತೆ ಕೂಗಿದಳು. "ರೀ, ಅದು ತಿಣುಕಿದಾಗ ಮಾತ್ರ ಎಳೀರಿ! ಕೆಳಗಡೆಗೆ!"

"ಒದ್ದರೆ?"

"ಒದೆಸಿಕೊಳ್ಳಿ!"

ಬೀದಿಗೆ ಬೀದಿಯೇ ನಕ್ಕಿತು. ಅವಳು ಮಾತ್ರ ಕೊಟ್ಟಿಗೆಯ ಕಡೆಗೇ ಕಿವಿ ನೆಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಧೊಪ್ಪನೆ ಸದ್ದಾಯಿತು.

"ಬಂತು! ಆದ್ರೆ ಉಸಿರಾಡ್ತಿಲ್ಲ ಕಣೇ!"

"ಮೂಗು ಬಾಯಿ ಒರೆಸಿ! ಮೈ ಉಜ್ಜಿ, ಜೋರಾಗಿ!"

ದರ್ಜಿ ಹೆಗಲ ಮೇಲಿದ್ದ ಬಟ್ಟೆ ಎಳೆದು ಒರೆಸಿದ. ಯಾರದೋ ಕೋಟಿನ ಅಸ್ತರಿಗೆ ತಂದದ್ದು. ಒರೆಸಿದ, ಉಜ್ಜಿದ, "ಏಳಮ್ಮ" ಎಂದು ಬೇಡಿಕೊಂಡ. ಕರು ಅವನ ಮುಖದ ಮೇಲೆಯೇ ಸೀನಿತು.

"ಹೆಣ್ಣು!" ಎಂದು ಕೂಗಿ ಆ ಗಂಡಸು ಗಳಗಳನೆ ಅತ್ತ.

ಆರನೆಯ ದಿನ ಅವಳು ಮನೆಗೆ ಬಂದಾಗ ಕರು ಅಂಗಳದಲ್ಲಿ ಕುಣಿಯುತ್ತಿತ್ತು. ಅವಳು ಎರಡೂ ಕೈ ಚಾಚಿದಳು. ಅದು ಬೆಚ್ಚಿ, ಓಡಿಹೋಗಿ ದರ್ಜಿಯ ಕಾಲ ಹಿಂದೆ ಅಡಗಿಕೊಂಡಿತು. ಅವಳಿಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ನಗು, ಅದರ ಹಿಂದೆಯೇ ಅಳು. ಗಂಡ ಬಗ್ಗಿ ಕರುವಿನ ಕತ್ತು ತುರಿಸಿದ.

"ಹೆದರಬೇಡ ಕಣಮ್ಮ, ನಮ್ಮೋಳೇ. ನಿನಗೋಸ್ಕರ ದೂರ ಇದ್ಲು, ಅಷ್ಟೇ."