ಮಾಸ್ಟ್ರ ಹಲ್ಲಿನ ಖರ್ಚು

ಇವತ್ತಿಗೂ ಯಾರಾದರೂ ಕೆನ್ನೆಗೆ ಕೈ ಕೊಟ್ಟುಕೊಂಡು ಕೂತರೆ ನನ್ನ ಎದೆ ಡವಡವ ಅನ್ನುತ್ತದೆ. ಅವರು ಸುಮ್ಮನೆ ಯೋಚನೆ ಮಾಡುತ್ತಾ ಕೂತಿರಬಹುದು. ಆದರೂ ಹತ್ತಿರ ಹೋಗಿ, ಬಾಯಿ ತೆಗೆಯಿರಿ ನೋಡೋಣ ಅನ್ನುತ್ತೇನೆ. ಮನೆಯವರೆಲ್ಲ ನಗುತ್ತಾರೆ. ನಗಲಿ.

ತೊಂಬತ್ತರ ದಶಕದ ಮಾತು. ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದುಗಡೆ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ನಾಲ್ಕು ಮಿಷನ್ನು, ನಾಲ್ಕು ಜನ ಕೆಲಸಗಾರರು. ಅವರಲ್ಲಿ ಹಿರಿಯರು ಬೂಕನಕೆರೆಯವರು. ಬಟ್ಟೆ ಕತ್ತರಿಸುವುದು ಅವರೇ ಆದ್ದರಿಂದ ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದೆವು. ನಾಲ್ವರಿಗೂ ಒಂದೇ ಚಾಳಿ. ಕತ್ತರಿ ಕೈಗೆಟುಕುವಂತಿದ್ದರೂ ದಾರವನ್ನು ಹಲ್ಲಲ್ಲೇ ಕಡಿಯುತ್ತಿದ್ದರು. ಬೇಡ ಎಂದು ಎಷ್ಟು ಬೈದರೂ ನನ್ನ ಮಾತು ಗಾಳಿಗೆ ಹೋಗುತ್ತಿತ್ತು.

ಒಂದು ದಿನ ವಿಮೆ ಮಾಡಿಸುವವನೊಬ್ಬ ಬಂದ. ಅಂಗಡಿಯವರೆಲ್ಲರ ಆಸ್ಪತ್ರೆ ಖರ್ಚಿಗೂ ಒಟ್ಟಿಗೆ ವಿಮೆ ಮಾಡಿಸಬಹುದು, ವರ್ಷಕ್ಕೊಮ್ಮೆ ನಾನು ಕಟ್ಟಿದರಾಯಿತು ಎಂದ. ಮಾಸ್ಟ್ರು ಮಿಷನ್ನು ನಿಲ್ಲಿಸಿ ಕೇಳಿದರು, "ಹಲ್ಲಿಗೂ ಬತ್ತದಾ ಸ್ವಾಮಿ?"

"ಹಲ್ಲಿಗೆಲ್ಲ ಬರಲ್ಲ ಯಜಮಾನ್ರೇ."

ಅವನು ಹೋದ ಮೇಲೆ ಮಾಸ್ಟ್ರು ನನ್ನ ಕಡೆ ತಿರುಗಿದರು. "ಅದು ಬ್ಯಾಡ ಬುಡಿ ಅಕ್ಕಾವ್ರೇ. ಹಲ್ಲಿನ ಡಾಕ್ಟ್ರ ಖರ್ಚೊಂದು ಅಂಗ್ಡೀದು ಅಂತ ಮಾಡ್ಬುಡಿ. ನಮ್ಗೆ ಕೆಡಾದು ಅದೇಯ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಬ್ಬರಿಗೆ ಶುರು ಮಾಡಿದರೆ ನಾಲ್ವರಿಗೂ ಮಾಡಬೇಕು. ಹಲ್ಲಿನ ಡಾಕ್ಟರು ಒಂದೇ ಸಲಕ್ಕೆ ಬಿಡುವವರೂ ಅಲ್ಲ. "ಒಬ್ಬೊಬ್ಬರಿಗೆ ಮೂವತ್ತೆರಡು ಹಲ್ಲು ಮಾಸ್ಟ್ರೇ! ನಾಲ್ಕು ಜನದ್ದು ಮಾಡ್ಸೋಕೆ ಅಂಗಡಿ ಮಾರ್ಬೇಕಾಗುತ್ತೆ. ಅದಕ್ಕಿಂತ ಹಲ್ಲು ಗಟ್ಟಿ ಇರೋರನ್ನೇ ಕೆಲಸಕ್ಕೆ ಇಟ್ಕೊಳ್ತೀನಿ" ಎಂದೆ. ಎಲ್ಲರೂ ನಕ್ಕರು, ಮಾಸ್ಟ್ರೂ ನಕ್ಕರು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಬೇಸಿಗೆ ರಜೆ ಮುಗಿಯುತ್ತಾ ಬಂತು. ನಾಗಮಂಗಲದ ಒಂದು ಶಾಲೆಯ ಯೂನಿಫಾರಂ ಪೂರ್ತಿ ನಮಗೇ ಸಿಕ್ಕಿತ್ತು. ಅಂಗಡಿ ತುಂಬ ನೀಲಿ ಬಟ್ಟೆ. ಆ ಸೋಮವಾರ ಮಾಸ್ಟ್ರ ಬಲಗೆನ್ನೆ ಊದಿತ್ತು. ಕೇಳಿದ್ದಕ್ಕೆ, "ನೆನ್ನೆಯಿಂದ ಒಸಿ ದವಡೆ ನೋವು ಅಕ್ಕಾವ್ರೇ. ಓಯ್ತದೆ ಬುಡಿ" ಎಂದರು.

ನಮ್ಮ ಅಂಗಡಿಯಲ್ಲಿ ಸೊಂಟ ಹಿಡಿದರೂ ಕುತ್ತಿಗೆ ಉಳುಕಿದರೂ ಒಂದೇ ಮದ್ದು. ಬಟ್ಟೆ ಮಡಿಸಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಬಿಸಿಬಿಸಿಯಾಗಿ ಒತ್ತಿಕೊಳ್ಳುವುದು. ನಾನೇ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡೆ. ಗಂಟೆಗೊಮ್ಮೆ ಬಟ್ಟೆ ಬಿಸಿ ಮಾಡಿ ಕೊಟ್ಟೆ. ಡಾಕ್ಟರ ಖರ್ಚು ತಪ್ಪಿತು, ಕೆಲಸವೂ ನಿಲ್ಲಲಿಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಬುಧವಾರ ಕೆನ್ನೆ ಇಳಿದಿತ್ತು. "ನೋಡಿದ್ರಾ ನನ್ನ ಮದ್ದು!" ಎಂದು ಜಂಬ ಕೊಚ್ಚಿಕೊಂಡೆ.

ಇಳಿದದ್ದು ನಿಜ. ಇಳಿದು ಎಲ್ಲಿಗೆ ಹೋಗಿದೆ ಎಂದು ಮಾತ್ರ ನಾನು ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕತ್ತರಿಯ ಸದ್ದು ನಿಂತಿತು. ತಿರುಗಿ ನೋಡಿದರೆ ಮಾಸ್ಟ್ರ ಬಾಯಿಂದ ಜೊಲ್ಲು ನೀಲಿ ಬಟ್ಟೆಯ ಮೇಲೆ ಸುರಿಯುತ್ತಿತ್ತು. ಅದನ್ನು ನುಂಗಲು ಅವರಿಗೆ ಆಗುತ್ತಿರಲಿಲ್ಲ. ಗದ್ದದ ಕೆಳಗಿನಿಂದ ಎದೆಯ ಹತ್ತಿರದವರೆಗೆ ಕುತ್ತಿಗೆ ಊದಿಕೊಂಡು ಕೆಂಪಗಾಗಿತ್ತು. ಮುಟ್ಟಿದೆ, ಹಲಗೆಯಂತೆ ಗಟ್ಟಿ.

ಊರಿನ ಡಾಕ್ಟರು ಬಾಯಿ ತೆಗೆಸಲು ನೋಡಿದರು, ಒಂದು ಬೆರಳೂ ಹೋಗಲಿಲ್ಲ. "ಶಾಖ ಕೊಟ್ಟೋರು ಯಾರು?" ಎಂದು ಕೇಳಿದರು. ನಾನು ತಲೆ ತಗ್ಗಿಸಿ ಮಾಸ್ಟ್ರ ಅಂಗಿಯ ಗುಂಡಿ ಬಿಚ್ಚತೊಡಗಿದೆ. "ಶಾಖಕ್ಕೆ ಹಲ್ಲಿನ ಕೀವು ಕುತ್ತಿಗೆಗೆ ಇಳಿದಿದೆ. ಈಗಲೇ ಮೈಸೂರಿಗೆ ಹೊರಡಿ. ಮಲಗಿಸಬೇಡಿ, ಉಸಿರು ಕಟ್ಟಿಬಿಡುತ್ತೆ" ಎಂದರು.

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು ಪಕ್ಕದಲ್ಲಿ ಕೂತೆ. ಬೂಕನಕೆರೆ ಬಂದಾಗ ಅವರು ಊರಿನ ಕಡೆ ಕೈ ತೋರಿಸಿದರು. ಹೆಂಡತಿಯನ್ನು ಹತ್ತಿಸಿಕೊಳ್ಳೋಣ ಎಂದು. ಆಮೇಲೆ ಹೇಳಿ ಕಳಿಸ್ತೀನಿ ಎಂದು ನಾನು ಕಾರು ನಿಲ್ಲಿಸಲು ಬಿಡಲಿಲ್ಲ. ಹೊತ್ತಾಗುತ್ತದೆ ಎನ್ನುವುದು ಒಂದು ಕಾರಣ. ಆ ಹೆಂಗಸಿನ ಮುಖ ನೋಡುವ ಧೈರ್ಯ ನನಗಿರಲಿಲ್ಲ ಎನ್ನುವುದು ಇನ್ನೊಂದು. ಈ ಎರಡನೆಯದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಪಾಂಡವಪುರದಲ್ಲಿ ಟ್ರಾಕ್ಟರೊಂದು ಕೆಟ್ಟು ದಾರಿಗೆ ಅಡ್ಡ ನಿಂತಿತ್ತು. ನಮ್ಮ ಡ್ರೈವರು ತಲೆ ಹೊರಗೆ ಹಾಕಿ ಕೂಗಿದ, "ಲೇ, ಪಕ್ಕಕ್ಕೆ ತಳ್ಳಲಾ! ಇಲ್ಲಿ ಮನುಸ ಸಾಯ್ತಾವ್ನೆ ಕಣ್ಲಾ!"

ಮಾಸ್ಟ್ರಿಗೆ ಅದು ಕೇಳಿಸಿತು. ನನ್ನ ಮೊಣಕೈ ಹಿಡಿದುಕೊಂಡರು. ಆ ಹಿಡಿತ ಶ್ರೀರಂಗಪಟ್ಟಣದವರೆಗೂ ಸಡಿಲವಾಗಲಿಲ್ಲ. ಉಸಿರು ಒಂದೊಂದು ಸಲವೂ ಸಿಳ್ಳೆಯ ಹಾಗೆ ಕೂಗುತ್ತಿತ್ತು. ಹೊಳೆಯ ಸೇತುವೆಯ ಮೇಲೆ ಅದು ಒಂದು ಕ್ಷಣ ನಿಂತೇಬಿಟ್ಟಿತು. "ಮಾಸ್ಟ್ರೇ!" ಎಂದು ಕಿರುಚಿ ಬೆನ್ನಿಗೆ ಗುದ್ದಿದೆ. ಮತ್ತೆ ಸಿಳ್ಳೆ ಬಂತು. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲೇ ಇಲ್ಲ. ಈ ಮನುಷ್ಯನನ್ನು ನಾನು ಕೊಂದೆ, ಇಸ್ತ್ರಿಪೆಟ್ಟಿಗೆ ಹಿಡಿದು ಕೊಂದೆ ಎನ್ನುವುದು ಬಿಟ್ಟು ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು. ಉಸಿರಿಗೆ ಗಂಟಲಲ್ಲಿ ತೂತು ಮಾಡಿ ಕೊಳವೆ ಇಟ್ಟರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸಂಜೆಯ ಬಸ್ಸಿಗೆ ಮಾಸ್ಟ್ರ ಹೆಂಡತಿ ಬಂದಳು. ಏನಾರ ಉಂಡ್ರಾ ಅಕ್ಕಾ ಎಂದು ನನ್ನನ್ನೇ ವಿಚಾರಿಸಿದಳು. ಬೈದಿದ್ದರೇ ಚೆನ್ನಾಗಿತ್ತು.

ಮೂರನೆಯ ದಿನ ಡಾಕ್ಟರು ಹಾಸಿಗೆಯ ಹತ್ತಿರ ಬಂದು, "ಹಲ್ಲು ನೋವು ಶುರುವಾಗಿ ಎಷ್ಟು ದಿನವಾಗಿತ್ತು?" ಎಂದು ಕೇಳಿದರು. ಕೊಳವೆಯಿಂದಾಗಿ ಮಾಸ್ಟ್ರಿಗೆ ಮಾತು ಹೊರಡುತ್ತಿರಲಿಲ್ಲ. ಮೊದಲು ನನ್ನ ಮುಖ ನೋಡಿದರು. ಆಮೇಲೆ ಮೂರು ಬೆರಳು ಎತ್ತಿದರು.

"ಮೂರು ದಿನ ಅಲ್ಲ ಸಾರ್, ಮೂರು ತಿಂಗ್ಳು" ಎಂದಳು ಹೆಂಡತಿ. "ಊಟ ಮಾಡಕ್ಕಾಗ್ದೆ ಗಂಜಿ ಕುಡ್ಕಂಡು ಕೆಲ್ಸುಕ್ ಓಯ್ತಿದ್ರು." ಮಾಸ್ಟ್ರು ಸುಮ್ಮನಿರು ಎನ್ನುವಂತೆ ಅವಳ ಸೆರಗು ಜಗ್ಗಿದರು.

ನಾನು ಹಾಸಿಗೆಯ ಹತ್ತಿರ ಬಗ್ಗಿ, "ಮಾಸ್ಟ್ರೇ, ಈ ಖರ್ಚೆಲ್ಲ ಅಂಗಡೀದೇ. ಇನ್ಮೇಲೆ ಎಲ್ಲರ ಹಲ್ಲಿನ ಖರ್ಚೂ ಅಂಗಡೀದೇ" ಎಂದೆ.

ಅವರು ಕಷ್ಟಪಟ್ಟು ಎರಡೂ ಕೈ ಎತ್ತಿ ಜೋಡಿಸಿದರು. ತುಟಿ ಅಲ್ಲಾಡಿತು. "ನನಗೆ ಕೈ ಮುಗೀಬೇಡಿ ಮಾಸ್ಟ್ರೇ" ಎಂದು ಆ ಕೈ ಹಿಡಿದುಕೊಂಡೆ.

ಹೆಂಡತಿ ಅವರ ತುಟಿಯನ್ನೇ ನೋಡುತ್ತಿದ್ದಳು. "ಅದಲ್ಲ ಅಕ್ಕಾ," ಎಂದಳು. "ಹಲ್ಲು ಕೆಟ್ಟೋಗದೆ ಅಂತ ಕೆಲ್ಸದಿಂದ ತೆಗೀಬ್ಯಾಡಿ ಅಂತಾವ್ರೆ."