ಟಿಟವಿಗೆ ಹಾಕಿದ ಬೇಲಿ

ಸೆಗಣಿಯ ವಾಸನೆಗೆ ಯಾರೂ ಕಣ್ಣೀರು ಹಾಕುವುದಿಲ್ಲ. ಕಳೆದ ತಿಂಗಳು ನಾಶಿಕ ಜಿಲ್ಲೆಯ ಪಿಂಪಳಗಾಂವ್ ಬಸವಂತ್ ದಾಟುವಾಗ ದನಗಳ ಹಿಂಡೊಂದು ಅಡ್ಡ ಬಂದು ನಮ್ಮ ಕಾರು ನಿಂತಿತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡು ಕಿಟಕಿ ಏರಿಸಿದರು. ನಾನು ನನ್ನ ಕಡೆಯದನ್ನು ಇಳಿಸಿದೆ. ಕಾದ ಮಣ್ಣು, ಜಗಿದ ಹುಲ್ಲು, ಹಸಿ ಸೆಗಣಿ ಮೂರೂ ಕೂಡಿದ ಆ ವಾಸನೆ ಬಂದದ್ದೇ ತಡ, ನಿಫಾಡಿನ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ನಿಂತಿದ್ದೆ.

ಅಪ್ಪ ಬ್ಯಾಂಕಿನಲ್ಲಿದ್ದರು. ಕಲಬುರಗಿ ಜಿಲ್ಲೆಯಿಂದ ಅವರಿಗೆ ಅಲ್ಲಿಗೆ ವರ್ಗವಾದಾಗ ನನಗೆ ಒಂಬತ್ತು ವರ್ಷ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಹಿತ್ತಿಲಿಗೆ ಹತ್ತಿದ್ದ ಮನೆ ಮಾಲೀಕರ ಹೊಲವೊಂದೇ ಬೀಳು ಬಿದ್ದಿತ್ತು. ಮಾಲೀಕರು ನಾಶಿಕದಲ್ಲಿದ್ದರು, ಹೊಲದ ಮೇಲೆ ಒಂದು ಕಣ್ಣಿಡಿ ಎಂದು ಅಪ್ಪನಿಗೆ ಹೇಳಿದ್ದರು. ಅಲ್ಲಿ, ನಾನು ಮಾವಶಿ ಎಂದು ಕರೆಯುತ್ತಿದ್ದ ರಖಮಾಬಾಯಿ ಎಂಬವಳು ದಿನಾ ತನ್ನ ನಾಲ್ಕು ಆಕಳು, ಎರಡು ಎಮ್ಮೆ ಮೇಯಿಸುತ್ತಿದ್ದಳು. ದನ ಹೆಜ್ಜೆ ಇಟ್ಟಲ್ಲಿ ಮಿಡತೆ ಏಳುತ್ತಿತ್ತು, ಮಿಡತೆ ಎದ್ದಲ್ಲಿ ಬೆಳ್ಳಕ್ಕಿ ಕೊಕ್ಕು ಹಾಕುತ್ತಿತ್ತು. ಎಮ್ಮೆಯ ಬೆನ್ನ ಮೇಲೆ ಕಾಜಾಣ ಸಾಹೇಬರ ಗತ್ತಿನಲ್ಲಿ ಕೂತಿರುತ್ತಿತ್ತು. ಮೈನಾಗಳು ಸೆಗಣಿ ಕೆದಕಿ ಹುಳ ಆರಿಸುತ್ತಿದ್ದವು. ದನ ಮೇಯ್ದು ಗಿಡ್ಡವಾದ ಹುಲ್ಲಿನಲ್ಲಿ ಉದ್ದ ಹಳದಿ ಕಾಲಿನ ಟಿಟ್ಟಿಭಗಳ ಜೋಡಿಯೊಂದು ಓಡಾಡುತ್ತಿತ್ತು. ರಖಮಾಬಾಯಿ ಅದನ್ನು ಟಿಟವಿ ಎಂದಳು, ನಾವೂ ಹಾಗೇ ಕರೆದೆವು. ಮರಾಠಿ ಬಾರದ ಅವ್ವನಿಗೆ ಆ ಊರಿನಲ್ಲಿ ಗುರುತಿದ್ದ ದನಿ ಅದೊಂದೇ. “ಇದು ಒದರಿದ್ರ ನಮ್ಮ ಹೊಲದಾಗ ಕುಂತಂಗ ಆಗ್ತದ ನೋಡು” ಎನ್ನುತ್ತ ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಬರಿ ನೆಲದ ಮೇಲೆ, ಸಣ್ಣ ಹರಳುಗಳ ನಡುವೆ ನಾಲ್ಕು ಮೊಟ್ಟೆ ಕಂಡೆ. ಆಕಳ ಗೊರಸು ಅವುಗಳಿಂದ ಒಂದು ಗೇಣು ದೂರದಲ್ಲಿತ್ತು. ಹಕ್ಕಿ ರೆಕ್ಕೆ ಬಿಚ್ಚಿ ಆಕಳ ಮೂತಿಗೇ ಎದುರು ನಿಂತಿತು; ಆಕಳು ಒಮ್ಮೆ ಬುಸುಗುಟ್ಟಿ ಬಳಸಿಕೊಂಡು ಹೋಯಿತು. ರಖಮಾಬಾಯಿ ನಕ್ಕಳು. ದನಕ್ಕೂ ಹಕ್ಕಿಗೂ ಇದು ಹೊಸದಲ್ಲ, ತುಳಿಯುವುದಿಲ್ಲ ಎಂದಳು. ನಾನು ಕೇಳಲಿಲ್ಲ. ಅತ್ತು ಕರೆದು ಊಟ ಬಿಟ್ಟೆ.

“ನೀವರ ಒಂದ್ ಮಾತು ಹೇಳ್ರಿ ಆಕಿಗಿ, ಹುಡುಗಿ ಉಣವಲ್ಲಳು” ಎಂದಳು ಅವ್ವ.

“ಹಕ್ಕಿ ಸಲುವಾಗಿ ದನ ತರಬ್ಯಾಡ ಅಂತ ಹ್ಯಾಂಗ ಹೇಳ್ಲಿ? ನಗ್ತಾಳ ಆಕಿ” ಎಂದರು ಅಪ್ಪ.

ಅಪ್ಪನಿಗೆ ಯಾರ ಮುಖಕ್ಕೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಮರುದಿನ ರಖಮಾಬಾಯಿಗೆ, ದನ ಬಿಡಬೇಡಿ ಎಂದು ಮಾಲೀಕರೇ ಹೇಳಿದ್ದಾರೆ ಅಂದುಬಿಟ್ಟರು. ಅವಳು ದನ ಹೊಡೆದುಕೊಂಡು ಹೋದಳು. ಅಪ್ಪ ಜಾಲಿಮುಳ್ಳು ತಂದು ಬೇಲಿ ಹಾಕಿದರು. ಮರಿಗಳು ಹೊರಬಂದ ದಿನ ಅವ್ವ ಶಿರಾ ಮಾಡಿದಳು. ಎಂಥ ಪುಣ್ಯದ ಕೆಲಸ ಮಾಡಿದೆವೆಂದು ಮೂವರೂ ಬೀಗಿದೆವು. ಇನ್ನು ದನ ತರಬಹುದು ಎಂದು ಅವಳಿಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ.

ಮಳೆಗಾಲದಲ್ಲಿ ಹುಲ್ಲು ನನ್ನ ಸೊಂಟ ಮುಟ್ಟಿತು. ಬೆಳ್ಳಕ್ಕಿ ಬರಲಿಲ್ಲ. ಕಾಜಾಣಕ್ಕೆ ಕೂರಲು ಬೆನ್ನಿರಲಿಲ್ಲ. ಮುಂದಿನ ಬೇಸಿಗೆಗೆ ಹುಲ್ಲು ಒಣಗಿ ದಟ್ಟವಾಗಿ ನಿಂತಿತ್ತು, ಅಂಗೈಯಗಲ ಬರಿ ನೆಲವಿರಲಿಲ್ಲ. ಟಿಟವಿ ಜೋಡಿ ಎರಡು ಸಂಜೆ ಮೇಲೆ ಸುತ್ತುತ್ತ ಕೂಗಿತು, ಇಳಿಯಲಿಲ್ಲ. ಮೂರನೆಯ ಸಂಜೆ ಅವ್ವ ಮೆಟ್ಟಿಲ ಮೇಲೆ ಆ ಹುಲ್ಲನ್ನೇ ನೋಡುತ್ತ ಕೂತಿದ್ದಳು. ಹೊಲದಲ್ಲೇ ಬೆಳೆದವಳು ಅವಳು. ಒಮ್ಮೆಲೇ ಅವಳಿಗೆ ತಿಳಿಯಿತು. “ದನ ಇಲ್ಲಂದ್ರ ಹಕ್ಕಿ ಎಲ್ಲಿ ಇಳೀಬೇಕ್ರಿ? ಹೋಗಿ ಆಕಿನ್ನ ಕರೀರಿ” ಎಂದಳು.

ಅಪ್ಪನ ಜೊತೆ ನಾನೂ ಹೋದೆ. ರಖಮಾಬಾಯಿಯ ಅಂಗಳದಲ್ಲಿ ಆರು ಗೂಟಗಳಿದ್ದವು, ದನ ಒಂದೂ ಇರಲಿಲ್ಲ. ಹೊಲದ ಮಾಲೀಕ ಶೇಠಜಿಯೇ ಬೇಡ ಎಂದಮೇಲೆ ಮೇಯಿಸಲು ಬೇರೆ ಜಾಗವೆಲ್ಲಿ, ಮಾರಿಬಿಟ್ಟೆ, ಈಗ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತೇನೆ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಹೋಗಿ ಚಹಾ ತಂದಳು. ಕರಿ ಚಹಾ. “ಮಾಫ್ ಕರಾ ಸಾಹೇಬ್, ಘರಾತ ದೂಧ ನಾಹೀ.” ಹೋದ ವರ್ಷ ನಮ್ಮ ಮನೆಗೂ ಹಾಲು ಕೊಟ್ಟವಳು ಹಾಲಿಲ್ಲವೆಂದು ಕ್ಷಮೆ ಕೇಳುತ್ತಿದ್ದಳು. ಅಪ್ಪ ಎರಡು ಸಲ ಬಾಯಿ ತೆರೆದರು. ನಾನು ಕಾಯುತ್ತಿದ್ದೆ. ಕೊನೆಗೆ ಅವರು ಚಹಾ ಕುಡಿದು, ಚೆನ್ನಾಗಿದೆ ಎಂದು ಕಪ್ಪು ಕೆಳಗಿಟ್ಟರು.

ಆಮೇಲೆ ಅಪ್ಪನಿಗೆ ಕನ್ನಡ ಎಂಬ ಊರಿಗೆ ವರ್ಗವಾಯಿತು. ಹೆಸರು ಕೇಳಿ ಹಿಗ್ಗಿದ ಅವ್ವನಿಗೆ ಅಲ್ಲಿಯೂ ಬರಿ ಮರಾಠಿಯೇ ಸಿಕ್ಕಿತು. ನಿಫಾಡಿನ ಆ ಹೊಲದಲ್ಲಿ ಈಗ ದ್ರಾಕ್ಷಿಯಿದೆ. ಅಪ್ಪ ಇಲ್ಲ, ಅವ್ವನೂ ಇಲ್ಲ. ರಖಮಾಬಾಯಿ ಎಲ್ಲಿದ್ದಾಳೋ ತಿಳಿಯದು.

ಪಿಂಪಳಗಾಂವದ ರಸ್ತೆಯಲ್ಲಿ ಡ್ರೈವರ್ ಹಾರ್ನ್ ಒತ್ತಲು ಕೈಯೆತ್ತಿದ. ಬೇಡವೆಂದೆ. ಹಿಂಡಿನ ಹಿಂದೆ ಬೆಳ್ಳಕ್ಕಿಯೊಂದು ನಡೆದು ಬರುತ್ತಿತ್ತು, ಅದರ ಹಿಂದೆ ಕೋಲು ಹಿಡಿದ ಹೆಂಗಸು. ಕಿಟಕಿಯಿಂದ ತಲೆ ಹೊರಹಾಕಿ ಅವಳ ಮುಖ ನೋಡಿದೆ. ಅವಳಲ್ಲ. ಆದರೂ “ಮಾಲೀಕರು ಬೇಡ ಅಂದಿರಲಿಲ್ಲ ಮಾವಶಿ, ನಾನು ಅತ್ತಿದ್ದೆ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.